ಮೊಮ್ಮಗಳ ಪರೀಕ್ಷೆಗೆ ನಾನು ಬಾಗಿಲು ಕಾಯ್ದದ್ದು

ನಮ್ಮ ಶಿವಲೀಲಾ ಪಾಸಾದಳು! ಮೊದಲು ಇದನ್ನು ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಆಮೇಲೆ. ಇಂಥ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಪೀಠಿಕೆ ಹಾಕುತ್ತ ಕೂರುವ ತಾಳ್ಮೆ ನನಗಿಲ್ಲ. ನಿನ್ನೆ ಬೆಳಿಗ್ಗೆ ಗೊತ್ತಾದಾಗಿನಿಂದ ಓಣಿಯ ಹಾಲಿನವನಿಗೆ, ತರಕಾರಿ ಗಾಡಿಯವಳಿಗೆ, ಕರೆಂಟಿನ ಮೀಟರು ನೋಡಲು ಬಂದವನಿಗೆ, ಎಲ್ಲರಿಗೂ ಹೇಳಿದ್ದೇನೆ. ಮೀಟರಿನವನು ಪಾಪ, "ಯಾವ ಪರೀಕ್ಷಿ ರೀ ಯಜಮಾನ್ರ?" ಎಂದು ಕೇಳಿದ. "ಎಂಟರ್‌ಪ್ರೈಸ್ ಆರ್ಕಿಟೆಕ್ಚರ್" ಎಂದೆ. ಅವನು ನನ್ನ ಮುಖ ನೋಡಿದ, ಮೀಟರಿನ ಮುಖ ನೋಡಿದ, ಬಿಲ್ಲು ಹರಿದು ಕೈಗಿಟ್ಟು ಮುಂದಿನ ಮನೆಗೆ ಹೋದ. ಆ ಹೆಸರನ್ನು ನಾಲಿಗೆ ತೊಡರದೆ ಹೇಳಲು ನನಗೆ ಒಂದು ವಾರ ಹಿಡಿದಿತ್ತು. ಅಷ್ಟು ಕಷ್ಟಪಟ್ಟು ಕಲಿತದ್ದನ್ನು ಇನ್ನೊಮ್ಮೆ ಕೇಳುವವರೇ ಸಿಗಲಿಲ್ಲ.

ನಾನು ಓದಿದ್ದು ನಾಲ್ಕನೇ ಇಯತ್ತೆ. ಎಡದಂಡೆ ಕಾಲುವೆಯಲ್ಲಿ, ವಳಕಮದಿನ್ನಿ ಕಡೆಯ ಒಂದು ಗೇಟಿನ ಮೇಲೆ ಲಸ್ಕರ್ ಆಗಿದ್ದೆ. ಲಸ್ಕರ್ ಎಂದರೆ ಗೇಟು ಕಾಯುವವನು. ಮೇಲಿನವರು ಎತ್ತು ಎಂದಷ್ಟು ಎತ್ತುವುದು, ಇಳಿಸು ಎಂದಷ್ಟು ಇಳಿಸುವುದು, ತಾಸಿಗೊಮ್ಮೆ ನೀರಿನ ಮಟ್ಟ ನೋಡಿ ಪುಸ್ತಕದಲ್ಲಿ ಬರೆಯುವುದು. ಕೆಲಸದಲ್ಲಿ ಇದ್ದಷ್ಟು ವರ್ಷವೂ ಅದನ್ನೇ ಬರೆದೆ. ನನ್ನ ಬರವಣಿಗೆಯ ಅಭ್ಯಾಸವೆಲ್ಲ ಆ ಪುಸ್ತಕದ್ದು. ಆದ್ದರಿಂದ ಈ ಬರಹದಲ್ಲಿ ವಿಷಯಕ್ಕಿಂತ ನೀರು ಹೆಚ್ಚು ಕಂಡರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಶಿವಲೀಲಾ ನನ್ನ ಮಗನ ಮಗಳು. ಸಿಂಧನೂರಿನಲ್ಲೇ ಒಂದು ಬೀಜದ ಕಂಪನಿಯ ಕಚೇರಿಯಲ್ಲಿ ಕಂಪ್ಯೂಟರಿನ ಕೆಲಸ ಮಾಡುತ್ತಾಳೆ. ಆ ಕಂಪನಿಗೆ ಲಿಂಗಸುಗೂರಿನಲ್ಲೊಂದು, ಮಸ್ಕಿಯಲ್ಲೊಂದು ಶಾಖೆ. ಮೂರು ಶಾಖೆಗೆ ಮೂರು ರೀತಿಯ ಕಂಪ್ಯೂಟರು. ಒಂದರ ಮಾತು ಇನ್ನೊಂದಕ್ಕೆ ಕೇಳುವುದಿಲ್ಲ. ಸಿಂಧನೂರಿನಲ್ಲಿ "ಆ ಬೀಜ ಮುಗಿದಾವ್ರಿ" ಎಂದು ರೈತನನ್ನು ಬರಿಗೈಯಲ್ಲಿ ಕಳಿಸುವ ಹೊತ್ತಿಗೆ ಅದೇ ಬೀಜ ಮಸ್ಕಿಯ ಗೋದಾಮಿನಲ್ಲಿ ಇಲಿಗಳ ಜೊತೆ ಸುಖವಾಗಿರುತ್ತದೆ. ಇದನ್ನು ಮೊದಲು ಕಂಡು ಹೇಳಿದವಳೇ ಇವಳು. ಮಾಲೀಕರು ಮೆಚ್ಚಿ ತಲೆದೂಗಿದರಂತೆ. ಆದರೆ, "ಮೂರನ್ನೂ ಕೂಡಿಸೋ ಕೆಲಸ ದೊಡ್ಡದವ್ವ. ಅದಕ್ಕೊಂದು ಪರೀಕ್ಷಿ ಐತಿ. ಬಿತ್ತನಿ ಶುರು ಆಗೋದ್ರಾಗ ಪಾಸಾಗಿ ಬಂದ್ರ ಕೆಲಸ ನಿನ್ನದು. ಇಲ್ಲಾಂದ್ರ ಹೊರಗಿನವರನ್ನ ಕರಸ್ತೀನಿ, ನೀ ಅವರಿಗೆ ದಾರಿ ತೋರಿಸಿಕೊಂತ ಇರು" ಎಂದರಂತೆ. ತಾನು ಕಂಡುಹಿಡಿದದ್ದನ್ನು ಇನ್ನೊಬ್ಬರು ಸರಿಮಾಡುವುದನ್ನು ಪಕ್ಕದಲ್ಲಿ ನಿಂತು ನೋಡಬೇಕು ಎಂದರೆ ಯಾರಿಗೆ ಸಹಿಸೀತು? ಅವತ್ತಿನಿಂದ ಹುಡುಗಿ ಓದಿಗೆ ಕೂತಳು.

ಆ ಓದಿನೊಳಗೆ ನಾನು ಹೇಗೆ ಬಂದೆ ಎಂದು ಕೇಳಬಹುದು. ಓದಿದ್ದನ್ನು ಏನೂ ತಿಳಿಯದವರಿಗೆ ವಿವರಿಸಿ ಹೇಳಿದರೆ ಚೆನ್ನಾಗಿ ತಲೆಯಲ್ಲಿ ಕೂರುತ್ತದೆ ಎಂದು ಅವಳಿಗೆ ಯಾರೋ ಹೇಳಿದ್ದರಂತೆ. ಅವಳು ಮನೆಯಲ್ಲಿ ಒಂದು ಸುತ್ತು ಕಣ್ಣಾಡಿಸಿದಳು. ಕಣ್ಣು ನೆಟ್ಟಗೆ ನನ್ನ ಮೇಲೆ ಬಂದು ನಿಂತಿತು. ಹೀಗೆ ನನ್ನ ಅಜ್ಞಾನಕ್ಕೆ ಈ ವಯಸ್ಸಿನಲ್ಲಿ ಒಂದು ಹುದ್ದೆ ಸಿಕ್ಕಿತು.

"ತಾತ, ನಾ ಹೇಳ್ತೀನಿ. ತಿಳಿಲಿಲ್ಲ ಅಂದ್ರ ತಿಳಿಲಿಲ್ಲ ಅನ್ನು. ಸುಮ್ನ ತಲಿ ಆಡಿಸಬ್ಯಾಡ."

"ಆತಬೇ, ಹೇಳು."

ಅವಳು ಹೇಳಿದಳು. ಒಂದು ಸಂಸ್ಥೆಯನ್ನು ನಾಲ್ಕು ಪದರವಾಗಿ ನೋಡಬೇಕಂತೆ: ಜನ ಮಾಡುವ ಕೆಲಸ ಒಂದು, ಆ ಕೆಲಸಕ್ಕೆ ಬೇಕಾದ ಮಾಹಿತಿ ಇನ್ನೊಂದು, ಮಾಹಿತಿಯನ್ನು ನಡೆಸುವ ಸಾಫ್ಟ್‌ವೇರ್ ಮತ್ತೊಂದು, ಅದು ಕೂತಿರುವ ಯಂತ್ರ ಕೊನೆಯದು. ಇವತ್ತು ಇದೆಲ್ಲ ಹೇಗಿದೆ ಎಂದು ಒಂದು ನಕ್ಷೆ ಬರೆಯಬೇಕು. ನಾಳೆ ಹೇಗಿರಬೇಕು ಎಂದು ಇನ್ನೊಂದು. ಎರಡರ ನಡುವಿನ ಕೊರತೆ ಏನು, ಅದನ್ನು ಯಾವ ಯಾವ ಹೆಜ್ಜೆಯಲ್ಲಿ ತುಂಬಬೇಕು ಎನ್ನುವುದೇ ವಿದ್ಯೆ. ಇಡೀ ಚಿತ್ರ ನೋಡದೆ ಒಂದು ಮೂಲೆಯನ್ನು ಮುಟ್ಟಬಾರದು.

"ನಕ್ಷಿ ಬರದ್ರ ನೀರು ಹರಿತಾವೇನಬೇ?" ಎಂದು ನಾನು ಜಾಣತನ ತೋರಿಸಿದೆ.

"ಇಲ್ಲ ತಾತ. ಆದ್ರ ನಕ್ಷಿ ಇಲ್ದ ಹರಿದ ನೀರು ಯಾರ ಹೊಲಕ್ಕ ಹೋತು ಅಂತ ನಿನಗ ಗೊತ್ತದೇನು? ನಿನ್ನ ಗೇಟಿನ ನೀರು ಎಲ್ಲಿಗೆ ಹೋಗಿ ಮುಗೀತಿತ್ತು, ಹೇಳು ನೋಡೋಣ."

ನನ್ನ ಗೇಟಿನ ಒಂದೊಂದು ಬೋಲ್ಟು ನನಗೆ ಗೊತ್ತು. ನೀರು ಎಲ್ಲಿ ಮುಗಿಯುತ್ತದೆ ಎಂದು ಒಂದು ದಿನವೂ ಹೋಗಿ ನೋಡಿದವನಲ್ಲ. ಕೊನೆಭಾಗದ ರೈತರು ಬಂದು ನನ್ನನ್ನು ಬೈಯುತ್ತಿದ್ದರು. ನಾನು ಮೇಲಿನ ಗೇಟಿನ ಖಾಜಾಸಾಬನನ್ನು ಬೈಯುತ್ತಿದ್ದೆ. ಅವನು ತನಗಿಂತ ಮೇಲಿನವನನ್ನು. ಹೀಗೆ ಬೈಗುಳ ಕೆಳಗಿನಿಂದ ಮೇಲಕ್ಕೆ ಒಂದು ಹನಿಯೂ ಸೋರದೆ ಹೋಗುತ್ತಿತ್ತು. ನೀರು ಮಾತ್ರ ಮೇಲಿನಿಂದ ಕೆಳಕ್ಕೆ ಬರುವಾಗ ದಾರಿಯಲ್ಲೇ ಕಳೆದುಹೋಗುತ್ತಿತ್ತು.

ಮರುದಿನ ಖಾಜಾಸಾಬನ ಮೊಪೆಡ್ಡಿನ ಹಿಂದೆ ಕೂತು ಕಾಲುವೆಯ ಗುಂಟ ಹೋದೆ. ಅವನೂ ನಾನೂ ಒಟ್ಟಿಗೆ ರಿಟೈರ್ ಆದವರು. "ಕ್ಯಾ ವಿರುಪಣ್ಣಾ, ನೌಕರಿ ಇದ್ದಾಗ ನೋಡಲಿಲ್ಲ, ಈಗ ನೋಡಿ ಏನ್ ಮಾಡ್ತಿ?" ಎನ್ನುತ್ತಲೇ ಗಾಡಿ ಓಡಿಸಿದ. ಕಾಲುವೆ ಸಣ್ಣದಾಗುತ್ತ, ಸಣ್ಣದಾಗುತ್ತ, ಕೊನೆಗೆ ಒಂದು ಹೆಜ್ಜೆಯಲ್ಲಿ ದಾಟುವಷ್ಟಾಗಿ, ಒಂದು ಭತ್ತದ ಮಡಿಯ ಮೂಲೆಯಲ್ಲಿ ಮುಗಿದೇಹೋಯಿತು. ಅಲ್ಲಿ ಕಳೆ ಕೀಳುತ್ತಿದ್ದ ಹೆಂಗಸೊಬ್ಬಳು ಸೊಂಟ ನೆಟ್ಟಗೆ ಮಾಡಿ, "ಯಾರ್ರೀ, ನೀರಿನವರೇನು?" ಎಂದಳು. "ಇಲ್ಲವ್ವ, ಸುಮ್ನ ಬಂದೀವಿ" ಎಂದು ಬಂದುಬಿಟ್ಟೆವು.

ಅಷ್ಟರಲ್ಲಿ ನನಗೆ ಈ ವಿದ್ಯೆಯ ಮೇಲೆ ಭಕ್ತಿ ಬಂದಿತ್ತು. ಅದನ್ನು ಸ್ವಲ್ಪ ಅಲುಗಾಡಿಸಿದವಳೂ ಶಿವಲೀಲಾನೇ. ಅಭ್ಯಾಸಕ್ಕೆಂದು ಒಂದು ದಿನ ನಮ್ಮ ಮನೆಯನ್ನೇ ಹಾಳೆಯ ಮೇಲೆ ಬರೆದಳು. ಯಾವ ಸಂಸ್ಥೆಯಲ್ಲೂ ಸಂಬಂಧಪಟ್ಟವರನ್ನು, ಚೌಕಾಬಾರದ ಹಾಗೆ ನಾಲ್ಕು ಮನೆ ಗೀಚಿ ಕೂರಿಸುತ್ತಾರಂತೆ: ಯಾರಿಗೆ ಅಧಿಕಾರ ಎಷ್ಟು, ಆಸಕ್ತಿ ಎಷ್ಟು ಎಂದು. ನನ್ನ ಹೆಂಡತಿ ಶರಣಮ್ಮನನ್ನು ಅಧಿಕಾರವೂ ಬಹಳ, ಆಸಕ್ತಿಯೂ ಬಹಳ ಇರುವ ಮನೆಯಲ್ಲಿ ಬರೆದಿದ್ದಳು. ಅದು ಸರಿ. ನನ್ನ ಹೆಸರು ಹುಡುಕಿದರೆ ಕೆಳಗಿನ ಮೂಲೆಯಲ್ಲಿ: ಆಸಕ್ತಿ ಬಹಳ, ಅಧಿಕಾರ ಕಡಿಮೆ.

"ಈ ಮನಿಯಾಗ ಇದ್ದವರಿಗೆ ಏನು ಮಾಡಬೇಕಂತ ಐತಿ ಪುಸ್ತಕದಾಗ?"

"ಆಗಾಗ ಸುದ್ದಿ ಮುಟ್ಟಸ್ಕೊಂತ ಇರಬೇಕು ತಾತ. ಅಷ್ಟ ಸಾಕು."

ಒಳಗಿನಿಂದ ಶರಣಮ್ಮ ನಕ್ಕದ್ದು ಕೇಳಿಸಿತು. "ಎಷ್ಟು ಬಡಕೊಂಡೀನಿ ನಾನು! ಈಗ ಪುಸ್ತಕದಾಗೂ ಬಂತು ನೋಡ್ರಿ."

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ಇಲ್ಲಿಯವರೆಗೆ ಸುತ್ತಾಡಿದ್ದು ಅದನ್ನು ಹೇಳಲು ನಾಚಿಕೆಯಾಗಿಯೇ. ಈ ಪರೀಕ್ಷೆಯನ್ನು ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಬರೆಯುವುದು; ಮುಗಿದ ಕೂಡಲೇ ಫಲಿತಾಂಶವೂ ಅದರಲ್ಲೇ ಬರುತ್ತದಂತೆ. ದೂರದ ಯಾವುದೋ ದೇಶದಲ್ಲಿ ಕೂತವನೊಬ್ಬ ಕ್ಯಾಮೆರಾದಲ್ಲಿ ನೋಡುತ್ತಿರುತ್ತಾನೆ. ಕೋಣೆಯಲ್ಲಿ ಬೇರೆ ಯಾರೂ ಇರಬಾರದು, ಯಾರೂ ಬರಬಾರದು. ಶಿವಲೀಲಾ ನಮ್ಮ ಭತ್ತದ ಚೀಲದ ಕೋಣೆಯನ್ನು ಖಾಲಿ ಮಾಡಿಸಿದಳು. ಗೋಡೆಯ ಕ್ಯಾಲೆಂಡರು ತೆಗೆಸಿದಳು. ದೇವರ ಫೋಟೊ ತೆಗೆಯುವಾಗ ಶರಣಮ್ಮ, "ದೇವರನ್ನೂ ಹೊರಗ ಹಾಕೋ ಪರೀಕ್ಷಿ ಎಂಥಾದ್ದವ್ವ!" ಎಂದು ಗೊಣಗಿದಳು. ಚೀಲದ ಕೋಣೆಯಾದ್ದರಿಂದ ಬಾಗಿಲಿಗೆ ಒಳಗೆ ಚಿಲಕವಿರಲಿಲ್ಲ. ಯಾರಾದರೂ ಹೊರಗೆ ಕಾಯಬೇಕು. ಗೇಟು ಕಾಯುವುದರಲ್ಲಿ ನನ್ನಷ್ಟು ಅನುಭವ ಓಣಿಯಲ್ಲಿ ಯಾರಿಗಿದೆ? ಕುರ್ಚಿ ಹಾಕಿಕೊಂಡು ಕೂತೆ.

ಮಗನನ್ನು ತಡೆದೆ. ಸೊಸೆಯನ್ನು ತಡೆದೆ. ಬೆಕ್ಕನ್ನು ಎರಡು ಸಲ ಓಡಿಸಿದೆ. ಇಷ್ಟೆಲ್ಲ ಮಾಡಿದವನು, ಅರ್ಧ ತಾಸಿಗೆ ಎದ್ದು, ಬಾಗಿಲನ್ನು ನಾಲ್ಕು ಬೆರಳಷ್ಟು ಸರಿಸಿ ಒಳಗೆ ಇಣುಕಿದೆ. ಯಾಕೆ? ಮಟ್ಟ ನೋಡಲು! ಕಾಯುವವನು ಆಗಾಗ ನೋಡಬೇಕು, ನೋಡದೆ ಕೂತವನು ಕಾಯುವವನೇ ಅಲ್ಲ ಎಂದು ನನ್ನ ಕೈಕಾಲಿಗೇ ರೂಢಿಯಾಗಿಬಿಟ್ಟಿದೆ. ಹುಡುಗಿ ಚೆನ್ನಾಗಿಯೇ ಬರೆಯುತ್ತಿದ್ದಳು. ಸಮಾಧಾನದಿಂದ ಬಾಗಿಲು ಮುಚ್ಚಿದೆ. ಆದರೆ ಅವಳ ಬೆನ್ನ ಹಿಂದೆ ಬಿಳಿ ಮೀಸೆ, ರುಮಾಲು ಮೂಡಿ ಮಾಯವಾದದ್ದನ್ನು ಆ ದೂರದ ದೇಶದವನು ಕಂಡಿದ್ದ. ಅವನೂ ನನ್ನಂಥ ಲಸ್ಕರನೇ; ಅವನ ಕೆಲಸ ಅವನು ಮಾಡಿದ. ಪರೀಕ್ಷೆ ರದ್ದಾಯಿತು.

ಶಿವಲೀಲಾ ಹೊರಗೆ ಬಂದು, "ತಾತ, ನೀ ಬಾಗಲಾ ತಗದೇನು?" ಎಂದಳು. "ಸ್ವಲ್ಪ ಅಷ್ಟ" ಎಂದೆ. ಅವಳು ಬೈಯಲಿಲ್ಲ. ಬೈದಿದ್ದರೆ ನನಗೆ ಸುಖವಿತ್ತು. ಬೈಸಿಕೊಳ್ಳುವುದು ನನಗೆ ಹೊಸದಲ್ಲ. ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡು ಕಚೇರಿಗೆ ಹೊರಟುಹೋದಳು. ಬಿತ್ತನೆಗೆ ಇನ್ನು ಹೆಚ್ಚು ದಿನ ಉಳಿದಿರಲಿಲ್ಲ. ಇನ್ನೊಂದೇ ಸಲ ಕೂರಲು ಸಮಯವಿತ್ತು. ಅವಳ ಬದಲು ಶರಣಮ್ಮ ಬೈದಳು, ಆಮೇಲೆ ಮಗ, ಆಮೇಲೆ ಸುದ್ದಿ ಕೇಳಿ ಬಂದ ಖಾಜಾಸಾಬ. "ಅರೇ, ಗೇಟ್ ಅಂದ್ರ ಎಲ್ಲಾ ಒಂದೇ ಏನೋ ನಿನಗ?" ಎಂದು ಅವನು ಕೇಳಿದ.

ಎರಡನೇ ಪರೀಕ್ಷೆಯ ಹಿಂದಿನ ದಿನ ಮಗ ಬಡಗಿಯನ್ನು ಕರೆಯುತ್ತೇನೆ, ಒಳಚಿಲಕ ಹಾಕಿಸುತ್ತೇನೆ ಎಂದ. ನಾನು ನನ್ನಷ್ಟಕ್ಕೆ, ಬೆಳಿಗ್ಗೆ ಎದ್ದು ದಢೇಸುಗೂರಿನ ತಂಗಿಯ ಮನೆಗೆ ಹೋಗಿ ಕೂತುಬಿಡಬೇಕು ಎಂದು ಚೀಲ ಹುಡುಕುತ್ತಿದ್ದೆ.

"ಚಿಲಕ ಬ್ಯಾಡಪ್ಪ," ಎಂದಳು ಶಿವಲೀಲಾ. "ತಾತ ಕೂಡ್ತಾನ."

"ಮತ್ತ ಇವರನ್ನ ಕೂಡಸ್ತೀ?" ಶರಣಮ್ಮನ ದನಿ ಅಟ್ಟಕ್ಕೇರಿತು. "ನಿನಗೇನು ಬುದ್ಧಿಗಿದ್ಧಿ ಐತಿಲ್ಲ?"

"ಹೋದ ಸಲ ಏನು ಮಾಡಬಾರದು ಅಂತ ತಾತಗ ಸರಿಯಾಗಿ ಹೇಳಿದ್ದಿಲ್ಲ ಅಜ್ಜಿ. ಯಾರನ್ನೂ ಬಿಡಬ್ಯಾಡ ಅಂದಿದ್ದೆ, ನೀನೂ ನೋಡಬ್ಯಾಡ ಅಂದಿದ್ದಿಲ್ಲ. ಈಗ ಹೇಳೀನಲ್ಲ."

ನಿನ್ನೆ ಬೆಳಿಗ್ಗೆ ಬಾಗಿಲಿಗೆ ಬೆನ್ನು ಹಾಕಿ ಕೂತೆ. ಪಕ್ಕದಲ್ಲಿ ಖಾಜಾಸಾಬ, ನನ್ನನ್ನು ಕಾಯಲು. ಒಳಗಿನಿಂದ ಮೌಸಿನ ಸಪ್ಪಳ ಸಣ್ಣಗೆ ಟಕ್, ಟಕ್ ಎಂದು ಕೇಳುತ್ತಿತ್ತು. ಅದು ಕೇಳುವ ತನಕ ನಾನು ಆರಾಮಾಗಿದ್ದೆ. ಅರ್ಧ ತಾಸಾದ ಮೇಲೆ ಅದು ನಿಂತಿತು. ಕಾಲುವೆ ಕಾಯುವವನಿಗೆ ಸಪ್ಪಳದ ಹೆದರಿಕೆಯಿಲ್ಲ. ನೀರಿನ ಸಪ್ಪಳ ನಿಂತರೆ ಹೆದರಿಕೆ, ಮೇಲೆಲ್ಲೋ ಒಡೆದಿದೆ ಎಂದರ್ಥ. ತಲೆ ಸುತ್ತಿ ಬಿದ್ದಳೇ? ಕಂಪ್ಯೂಟರು ನಿಂತಿತೇ? ಗೊತ್ತಿಲ್ಲದೆಯೇ ಎದ್ದು ನಿಂತಿದ್ದೆ, ಕೈ ಬಾಗಿಲಿನ ಮೇಲಿತ್ತು. ಖಾಜಾಸಾಬ ನನ್ನ ಕೈಯನ್ನೇ ನೋಡುತ್ತಿದ್ದ. ಆಗ ನನಗೊಂದು ಮಾತು ಹೊಳೆಯಿತು, ನಾಚಿಕೆಯೂ ಆಯಿತು. ನಾನು ಇಣುಕಿದರೆ ಒಳಗಿರುವ ಅವಳಿಗೆ ಏನು ಸಿಗುತ್ತದೆ? ಏನೂ ಇಲ್ಲ. ಸಮಾಧಾನ ಸಿಗುವುದು ನನಗೆ. ಹೋದ ಸಲವೂ ನಾನು ಕಾಯ್ದದ್ದು ಅವಳನ್ನಲ್ಲ, ನನ್ನ ಸಮಾಧಾನವನ್ನು. ಮಕ್ಕಳನ್ನು, ಮೊಮ್ಮಕ್ಕಳನ್ನು ನಾವು ಪ್ರೀತಿಯಿಂದ ಎಷ್ಟು ಸಲ ಹೀಗೆ ಇಣುಕಿ ಕೆಡಿಸಿದ್ದೇವೋ.

ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಎಷ್ಟು ಹೊತ್ತೋ ತಿಳಿಯದು. ಮತ್ತೆ ಟಕ್ ಎಂದಿತು.

ಬಾಗಿಲು ಒಳಗಿನಿಂದಲೇ ತೆರೆಯಿತು. ಶಿವಲೀಲಾ ನಿಂತಿದ್ದಳು. ಮುಖದಲ್ಲಿ ಏನೂ ತಿಳಿಯಲಿಲ್ಲ. "ನಡುವ ಒಂದು ಪ್ರಶ್ನಿಗೆ ಭಾಳ ಹೊತ್ತು ಕುಂತಬಿಟ್ಟೆ ತಾತ," ಎಂದಳು. ಆಮೇಲೆ ನನ್ನ ಎರಡೂ ಭುಜ ಹಿಡಿದು ಅಲುಗಾಡಿಸಿ, "ಪಾಸ್ ಆಗೀನಿ!" ಎಂದು ಕೂಗಿದಳು. ನಾನು ಏನು ಮಾಡಿದೆ ಎಂದು ನನಗೆ ನೆನಪಿಲ್ಲ. ಕುಣಿದೆ ಎಂದು ಖಾಜಾಸಾಬ ಹೇಳುತ್ತಾನೆ. ಅವನ ಮಾತನ್ನು ಅಷ್ಟಾಗಿ ನಂಬಬೇಡಿ, ಅವನೂ ಕುಣಿಯುತ್ತಿದ್ದ. ಮಧ್ಯಾಹ್ನ ಅವಳ ಕಚೇರಿಯಿಂದ ಫೋನು ಬಂತು. ಮೂರು ಊರಿನ ಕೆಲಸವೂ ಅವಳ ಕೈಗೇ.

ಸಂಜೆ ಶರಣಮ್ಮ ಗೋಧಿ ಹುಗ್ಗಿ ಮಾಡಿದಳು, ಸೊಸೆ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಮಾಡಿದಳು. ನಮ್ಮ ಮನೆಯಲ್ಲಿ ಮೊದಲಿನಿಂದಲೂ ಗಂಡಸರ ಊಟ ಮುಗಿದ ಮೇಲೆ ಹೆಂಗಸರದು. ನಿನ್ನೆ ಮಾತ್ರ ಶಿವಲೀಲಾ ಹಟ ಹಿಡಿದಳು, ಎಲ್ಲರೂ ಒಟ್ಟಿಗೆ ಕೂರಬೇಕು ಎಂದು. ಪಾತ್ರೆಗಳನ್ನೆಲ್ಲ ತಂದು ನಡುವೆ ಇಟ್ಟು ಸುತ್ತ ಕೂತೆವು; ಖಾಜಾಸಾಬನನ್ನೂ ಹೋಗಗೊಡಲಿಲ್ಲ. ತುಪ್ಪ ಒಳಗೇ ಉಳಿದಿತ್ತು. ಶರಣಮ್ಮ ಏಳಲು ಹೊರಟಳು. ಸಂತೋಷದ ಭರದಲ್ಲಿ ನಾನು, "ನೀ ಕೂಡು, ನಾ ತರ್ತೀನಿ" ಎಂದುಬಿಟ್ಟೆ. ಮನೆಯೆಲ್ಲ ನನ್ನನ್ನೇ ನೋಡಿತು. ಅಡುಗೆಮನೆಯಲ್ಲಿ ಡಬ್ಬಿ ಡಬ್ಬಿ ತೆರೆದು ಹುಡುಕಿದೆ; ಕೊನೆಗೆ ತುಪ್ಪದ ಗಿಂಡಿ ಕಿಟಕಿಯ ಕೆಳಗೆ ಸಿಕ್ಕಿತು. ಹೊರಗೆ ಬಂದರೆ ಯಾರೂ ಒಂದು ತುತ್ತೂ ಮುಟ್ಟದೆ ನನಗಾಗಿ ಕಾಯುತ್ತಿದ್ದರು.

ಮೊದಲು ಶರಣಮ್ಮನಿಗೇ ಬಡಿಸೋಣ ಎಂದು ಬಗ್ಗಿದೆ. ಅವಳು ತಾಟಿನ ಮೇಲೆ ಕೈ ಅಡ್ಡ ಹಿಡಿದಳು.

"ನನಗ ಬ್ಯಾಡ್ರಿ. ತುಪ್ಪ ಆಗಂಗಿಲ್ಲ."

"ಯಾವಾಗಿಂದ?"

"ಸಣ್ಣಾಕಿ ಇದ್ದಾಗಿಂದ."

ಇಷ್ಟು ವರ್ಷ ಸಂಸಾರ ಮಾಡಿದ್ದೇನೆ. ಅವಳು ಉಣ್ಣುವುದನ್ನು ಎದುರಿಗೆ ಕೂತು ನೋಡಿದ್ದರೆ ತಾನೇ ತಿಳಿಯುವುದು? ತುಪ್ಪದ ಗಿಂಡಿ ಹಿಡಿದು ಹಾಗೇ ನಿಂತಿದ್ದೆ. "ನಿಂತೀರ್ಯಾಕ, ಕೂಡ್ರಿ, ಹುಗ್ಗಿ ಆರಾಕತ್ತೈತಿ" ಎಂದಳು. ಕೂತೆ. ಎಲ್ಲರೂ ಕೂಡಿ ಉಂಡೆವು. ಅವಳು ಏನನ್ನು ಮೊದಲು ತಿನ್ನುತ್ತಾಳೆ, ಯಾವುದನ್ನು ಎರಡನೇ ಸಲ ಹಾಕಿಕೊಳ್ಳುತ್ತಾಳೆ ಎಂದು ಕದ್ದು ಕದ್ದು ನೋಡುವ ಭರದಲ್ಲಿ ನಾನು ಸಿಹಿ ಹುಗ್ಗಿಗೆ ತುಪ್ಪದ ಬದಲು ಶೇಂಗಾ ಚಟ್ನಿ ಹಾಕಿಕೊಂಡುಬಿಟ್ಟಿದ್ದೆ; ಅದನ್ನೇ ತಿನ್ನುತ್ತಿದ್ದುದು ಯಾರಿಗೂ ಕಂಡಿಲ್ಲ ಎಂದುಕೊಂಡಿದ್ದೆ. "ಅದೂ ರುಚಿ ಆಗೈತೇನ್ರಿ?" ಎಂದು ಶರಣಮ್ಮ ಕೇಳಿದಳು.