ನಾವು ಸ್ಕೀ ಮಾಡಲು ಹೊರಟಿದ್ದು

ಬೇರೆಯವರ ಮನೆಯಲ್ಲಿ ರಜೆ ಅಂದರೆ ಕೆಲಸಕ್ಕೆ ಬಿಡುವು. ನಮ್ಮನೆಯಲ್ಲಿ ರಜೆ ಅಂದರೆ ಇರೋ ಕೆಲಸದ ಜೊತೆಗೆ ಇನ್ನೊಂದು ಕೆಲಸ. ನಮ್ಮನೆಯವರಿಗೆ ಒಂದು ಆಸೆ ಹುಟ್ಟುತ್ತದೆ. ಹುಟ್ಟಿಸುವುದಷ್ಟೇ ಅವರ ಪಾಲು, ಸಾಕಿ ಬೆಳೆಸುವುದು ನನ್ನದು. ಎಷ್ಟು ಸಲ ಹೀಗಾಗಿದೆಯೋ ನನಗೂ ಲೆಕ್ಕ ತಪ್ಪಿದೆ. ಅದರಲ್ಲೆಲ್ಲ ನನ್ನ ಸೊಂಟ ಮುರಿದದ್ದು ಸ್ಕೀ ಪ್ರವಾಸ. ಸ್ಕೀ ಮಾಡದೆಯೇ ಸೊಂಟ ಮುರಿಯಬಹುದು ಅಂತ ಆಗಲೇ ಗೊತ್ತಾಗಿದ್ದು.

ಹೇಗೂ ದಾರೀಲೇ ಇದೆ

ನಾವಿದ್ದದ್ದು ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯಲ್ಲಿ. ಅಲ್ಲಿ ನವೆಂಬರಿನಲ್ಲೂ ಹೊರಗೆ ನಿಂತರೆ ಬೆವರು. ಆದರೆ ನಮ್ಮನೆಯವರ ಆಫೀಸಿನಲ್ಲಿ ಪ್ರತಿ ಜನವರಿ ಎಲ್ಲರೂ ಹಿಮದ ಮೇಲೆ ಜಾರಿ ಬಂದ ಸ್ಕೀ ಕಥೆ ಹೇಳುತ್ತಿದ್ದರಂತೆ. "ನೀನು ಸ್ಕೀ ಮಾಡ್ತೀಯಾ?" ಅಂತ ಯಾರಾದರೂ ಕೇಳಿದರೆ ಇವರು ಕಾಫಿ ತರುವ ನೆಪದಲ್ಲಿ ಎದ್ದು ಹೋಗಬೇಕು. "ವರ್ಷಾ ವರ್ಷಾ ಎಷ್ಟು ಕಾಫಿ ಅಂತ ಕುಡೀಲಿ? ಒಂದ್ಸಲನಾದ್ರೂ ಹೌದು ಅನ್ನಬೇಕು ಕಣೇ" ಅಂದರು. ಮುಖ ನೋಡಿ ಪಾಪ ಅನ್ನಿಸಿತು. ನಾನು ಕೆಟ್ಟದ್ದು ಅಲ್ಲೇ.

"ಆಯ್ತು, ಕೊಲೊರಾಡೊಗೆ ಹೋಗೋಣ. ಕಾರಲ್ಲೇ ಹೋಗಬಹುದು" ಅಂದೆ.

"ಅಲ್ಲಿಗೆ ಎಲ್ರೂ ಹೋಗ್ತಾರೆ. ಡಿಸೆಂಬರಲ್ಲಿ ಅಮ್ಮನ್ನ ಮೈಸೂರಿಗೆ ಬಿಡೋಕೆ ಹೋಗ್ಲೇಬೇಕಲ್ಲ? ಸ್ವಿಟ್ಜರ್ಲೆಂಡಲ್ಲಿ ಇಳಿಯೋಣ. ಹೇಗೂ ದಾರೀಲೇ ಇದೆ."

ನಮ್ಮ ಅತ್ತೆ ಆರು ತಿಂಗಳಿಂದ ನಮ್ಮ ಜೊತೆ ಇದ್ದರು. ಬೀನ್ಸ್ ಬಿಡಿಸುತ್ತಾ ಕೂತಿದ್ದವರು ತಲೆ ಎತ್ತಲಿಲ್ಲ. "ನಂಜನಗೂಡಿಗೆ ಹೋಗ್ತಾ ದಾರೀಲಿ ಮಲ್ಲಿಗೆ ಹೂ ತಗೊಳ್ಳೋಣ ಅಂದ ಹಾಗೆ ಹೇಳ್ತಾನಲ್ಲೇ ಇವನು!"

ಲೂಯಿಸ್‌ವಿಲ್‌ನಲ್ಲಿದ್ದ ನಮ್ಮ ಧಾರವಾಡದ ಸ್ನೇಹಿತರೂ ಡಿಸೆಂಬರಲ್ಲಿ ಊರಿಗೆ ಹೊರಟಿದ್ದರು. ಇವರು ಫೋನ್ ಮಾಡಿ ಕೇಳಿದರು. "ಸ್ಕೀ ಅಂದ್ರ ಏನ್ರಿ, ನಿಂತು ಜಾರೂದು ಹೌದಲ್ರಿ? ನಮ್ಮ ಬಾತ್‌ರೂಮಿನ್ಯಾಗ ದಿನಾ ಮಾಡ್ತೇನಿ. ನಡೀರಿ ಹೋಗೂಣು" ಅಂದರು ಅವರು. ಗಂಡಸರಿಬ್ಬರ ತೀರ್ಮಾನ ಎರಡು ನಿಮಿಷದಲ್ಲಿ ಮುಗಿಯಿತು. ವೀಸಾ, ಟಿಕೆಟ್ಟು, ಹೋಟೆಲ್ಲು ಎಲ್ಲ ಹೆಂಗಸರ ತಲೆಗೆ ಬಂತು.

ಬೂಟು ಕಾಲಿಗೆ ಒಗ್ಗಬೇಕು

ಒಂದು ಶನಿವಾರ ಬೆಳಿಗ್ಗೆ ನಮ್ಮನೆಯವರು ಹಾಲು ತರಲು ಹೋಗಿ ಸ್ಕೀ ಬೂಟು ತಂದರು. ಹಿಂದಿನ ಬೀದಿಯಲ್ಲಿ ಯಾರೋ ಮನೆಯ ಹಳೇ ಸಾಮಾನಿನ ಗರಾಜ್ ಸೇಲ್ ಇಟ್ಟಿದ್ದರಂತೆ. ಹಾಲು ಮರೆತಿದ್ದರು.

"ಅಲ್ಲೇ ಬಾಡಿಗೆಗೆ ಸಿಗುತ್ತಂತಲ್ರೀ?" ಅಂದೆ.

"ಬಾಡಿಗೆ ಬೂಟು ಬೇರೆ, ಸ್ವಂತ ಬೂಟು ಬೇರೆ. ಇದು ಕಾಲಿಗೆ ಒಗ್ಗಬೇಕು" ಅಂತ ಹೇಳಿ, ಕಲ್ಲಿನಂಥ ಪ್ಲಾಸ್ಟಿಕ್ಕಿನ ಆ ಬೂಟಿನೊಳಗೆ ಹೇಗೋ ಕಾಲು ತುರುಕಿ, ಕೊಂಡಿ ಹಾಕಿ, ಟಿವಿ ಮುಂದೆ ಕೂತರು. ಮಧ್ಯಾಹ್ನ ಊಟಕ್ಕೆ ಕರೆದಾಗ ಬೂಟು ಬಿಚ್ಚಲು ನೋಡುತ್ತಾರೆ, ಬರಲಿಲ್ಲ. ಸೆಕೆಗೆ ಕಾಲು ಊದಿಕೊಂಡಿತ್ತು. ನಾನು ಎಳೆದೆ. ಅತ್ತೆ ಕೊಬ್ಬರಿ ಎಣ್ಣೆ ಬಿಟ್ಟರು. ಬೂಟು ಘಮ ಘಮ ಅಂದಿತೇ ಹೊರತು ಅಲ್ಲಾಡಲಿಲ್ಲ.

ಕೊನೆಗೆ ನಾನೇ ಹೋಗಿ ಬೂಟು ಮಾರಿದವರನ್ನು ಕರೆತಂದೆ. ಎಪ್ಪತ್ತು ದಾಟಿದ ಟೆಕ್ಸಾಸ್ ಅಜ್ಜ. ಬಂದವರೇ ನಮ್ಮನೆಯವರಿಗೆ ಬೆನ್ನು ಮಾಡಿ, ಅವರ ಒಂದು ಕಾಲನ್ನು ತಮ್ಮ ಮಂಡಿಗಳ ನಡುವೆ ಸಿಕ್ಕಿಸಿಕೊಂಡು ಬಗ್ಗಿ ನಿಂತರು. ಕೌಬಾಯ್ ಬೂಟು ಎಳೆಯುವುದು ಹಾಗೆಯಂತೆ. "ಈಗ ಇನ್ನೊಂದು ಕಾಲಲ್ಲಿ ನನ್ನ ಹಿಂಭಾಗಕ್ಕೆ ಜೋರಾಗಿ ಒದಿ" ಅಂದರು.

ನಮ್ಮನೆಯವರ ಮುಖ ಬಿಳಿಚಿಕೊಂಡಿತು. "ಅಯ್ಯೋ, ಹಿರಿಯರಿಗೆ ಕಾಲು ತಾಗಿಸೋದು ಹೇಗೆ?"

"ಏನಂತೆ?" ಅಂದರು ಅತ್ತೆ. ಹೇಳಿದೆ. "ಒದೆಯೋ! ಆಮೇಲೆ ನಮಸ್ಕಾರ ಮಾಡಿದ್ರಾಯ್ತು."

ಒದ್ದರು. ಬೂಟು ಬಂತು. ಅಜ್ಜ ಬೂಟಿನ ಸಮೇತ ಹೋಗಿ ಸೋಫಾ ಮೇಲೆ ಬಿದ್ದರು. ಎರಡನೇ ಬೂಟಿಗೂ ಹಾಗೇ. ಆಮೇಲೆ ನಮ್ಮನೆಯವರು ನಿಜಕ್ಕೂ ಅವರ ಕಾಲು ಮುಟ್ಟಲು ಬಗ್ಗಿದರು. ಈಗ ತಮ್ಮ ಬೂಟನ್ನೂ ಎಳೆಯುತ್ತಾರೇನೋ ಅಂತ ಅಜ್ಜ ಹಿಂದಕ್ಕೆ ಹಾರಿದರು.

ಹೊರಡುವಾಗ ಬಾಗಿಲಲ್ಲಿ ನಿಂತು, "ನಿನಗೆ ಬಿಗಿಯಾಗದೆ ಇನ್ನೇನಾಗುತ್ತೆ ಮಗನೇ? ಇದು ನನ್ನ ಹೆಂಡತಿಯ ಬೂಟು" ಅಂದರು.

ಪ್ಯೂರ್ ವೆಜಿಟೇರಿಯನ್

ಸ್ವಿಟ್ಜರ್ಲೆಂಡಿನ ಹೋಟೆಲಿಗೆ ಫೋನ್ ಮಾಡುವುದು ನನ್ನ ಕೆಲಸ. ಅವರ ಮಧ್ಯಾಹ್ನ ನಮಗೆ ಬೆಳಗಿನ ಜಾವ. ಒಂದು ಕೈಯಲ್ಲಿ ಹಲ್ಲುಜ್ಜುವ ಬ್ರಷ್ಷು, ಇನ್ನೊಂದರಲ್ಲಿ ಫೋನು. ಲೂಯಿಸ್‌ವಿಲ್‌ನಿಂದ ಧಾರವಾಡದವರ ಹೆಂಡತಿಯೂ ಕಾನ್ಫರೆನ್ಸ್ ಕಾಲ್‌ನಲ್ಲಿದ್ದರು.

ರಿಸೆಪ್ಷನ್ ಹೆಂಗಸಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ನನಗೆ ಅವರ ಭಾಷೆ ಅಷ್ಟೂ ಇಲ್ಲ. "ನಾವು ಪ್ಯೂರ್ ವೆಜಿಟೇರಿಯನ್, ಊಟಕ್ಕೆ ಏನು ಸಿಗುತ್ತೆ?" ಅಂತ ಒಂದೊಂದೇ ಪದ ಬಿಡಿಸಿ ಕೇಳಿದೆ.

"ಹೌದು ಹೌದು, ಪ್ಯೂರ್!" ಅಂದಳು ಆಕೆ ಖುಷಿಯಿಂದ. "ನಮ್ಮಲ್ಲಿ ಎಲ್ಲ ಪ್ಯೂರ್ ಮೇಡಂ, ಚಿಂತೆ ಬೇಡ. ನಮ್ಮ ಹಸುಗಳು ಬೆಟ್ಟದ ಹುಲ್ಲು ಬಿಟ್ಟು ಬೇರೇನೂ ತಿನ್ನೋದಿಲ್ಲ."

ಥ್ಯಾಂಕ್ಸ್ ಹೇಳಿ ಬ್ರಷ್ಷು ಬಾಯಿಗಿಟ್ಟೆ. ಆ ಹೊತ್ತಿಗೆ ಜಗಳ ಮಾಡುವ ಶಕ್ತಿ ಇರಲಿಲ್ಲ. ಲೂಯಿಸ್‌ವಿಲ್‌ನಿಂದ ಮೆಲ್ಲಗೆ ದನಿ ಬಂತು: "ವೈನಿ, ಆಕಳಾ ಪ್ಯೂರ್ ವೆಜ್ ಇದ್ದದ್ದು ಭಾಳ ಚಲೋ ಆತು. ನಮ್ಮ ಊಟದ್ದೇನು ಅಂತ ಕೇಳ್ರಿ."

ಬೀಳುವ ಕ್ಲಾಸು

ಆಸ್ಟಿನ್‌ನಲ್ಲಿ ನನ್ನ ತಮ್ಮ ಇದ್ದಾನೆ. ಒಮ್ಮೆ ಸ್ಕೀ ಮಾಡಿದ್ದ, ಅದೂ ಅರ್ಧ ದಿನ. ನಮ್ಮ ಬಳಗದಲ್ಲಿ ಅಷ್ಟು ಸಾಕು, ಗುರುವಾಗಿಬಿಟ್ಟ. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ರಜೆಗೆ ನಾವು, ಧಾರವಾಡದ ಗಂಡ ಹೆಂಡತಿ ಎಲ್ಲ ಅವನ ಮನೆಯಲ್ಲಿ ಸೇರಿದೆವು.

"ಸ್ಕೀಯಲ್ಲಿ ಜಾರೋದು ಆಮೇಲೆ, ಮೊದಲು ಬೀಳೋದು ಕಲೀಬೇಕು. ಮುಂದಕ್ಕೆ ಬೀಳಬಾರದು, ಪಕ್ಕಕ್ಕೆ ಬೀಳಬೇಕು" ಅಂತ ಹೇಳಿ ಮನೆ ಮುಂದಿನ ಹುಲ್ಲಿನ ಇಳಿಜಾರಿನಲ್ಲಿ ನಮ್ಮನ್ನು ಸಾಲಾಗಿ ನಿಲ್ಲಿಸಿದ. ಜಾಕೆಟ್ಟಿಗೂ ಅಭ್ಯಾಸ ಆಗಲಿ ಅಂತ ಆ ಬಿಸಿಲಲ್ಲಿ ದಪ್ಪ ದಪ್ಪ ಜಾಕೆಟ್ಟು ಬೇರೆ ಹಾಕಿಸಿದ. ಅವನು ಚಪ್ಪಾಳೆ ತಟ್ಟಿದ ಕೂಡಲೇ ನಾವು ಎಡಕ್ಕೆ ಬೀಳುವುದು, ಏಳುವುದು, ಮತ್ತೆ ಚಪ್ಪಾಳೆ, ಬಲಕ್ಕೆ ಬೀಳುವುದು. ಅತ್ತೆ ವರಾಂಡದಲ್ಲಿ ಕುರ್ಚಿ ಹಾಕಿಸಿಕೊಂಡು ನೋಡುತ್ತಿದ್ದರು. ನಾನಂತೂ ನಾಲ್ಕನೇ ಸಲ ಬಿದ್ದಮೇಲೆ ಏಳಲಿಲ್ಲ. ಹುಲ್ಲು ಮೆತ್ತಗಿತ್ತು, ಯಾರೂ ಏನೂ ಕೇಳುತ್ತಿರಲಿಲ್ಲ. ತಿಂಗಳುಗಳ ನಂತರ ಸಿಕ್ಕ ವಿಶ್ರಾಂತಿ.

ಕಣ್ಣು ಹತ್ತಿತ್ತೋ ಏನೋ, ಸೈರನ್ ಕೇಳಿಸಿತು. ಫೈರ್ ಇಂಜಿನ್, ಅದರ ಹಿಂದೆ ಆಂಬ್ಯುಲೆನ್ಸು. ಎದುರು ಮನೆಯವರು ಕಿಟಕಿಯಿಂದ ನೋಡಿ, ಜನ ಒಬ್ಬರ ಮೇಲೊಬ್ಬರು ಕುಸಿದು ಬೀಳುತ್ತಿದ್ದಾರೆ, ವಿಷದ ಗಾಳಿ ಇರಬೇಕು ಅಂತ ತುರ್ತು ಸಹಾಯದ 911ಗೆ ಫೋನ್ ಮಾಡಿದ್ದರು. ಮುಖವಾಡ ಹಾಕಿಕೊಂಡ ಆಳೆತ್ತರದ ಆಸಾಮಿ ಓಡಿಬಂದು ನನ್ನ ನಾಡಿ ಹಿಡಿದ. ನನ್ನ ತಮ್ಮ ಕೈಕಾಲು ಆಡಿಸಿ ಆಲ್ಪ್ಸ್ ಬೆಟ್ಟದ ವಿಚಾರ ವಿವರಿಸಿದ. ಆತ ನಮ್ಮ ಜಾಕೆಟ್ಟು ನೋಡಿದ, ಆಕಾಶದ ಸೂರ್ಯನನ್ನು ನೋಡಿದ, ನಂಬಲಿಲ್ಲ. ವರಾಂಡಕ್ಕೆ ಹೋಗಿ ಅತ್ತೆಯನ್ನೇ ಕೇಳಿದ.

"ಏನೇ ಕೇಳ್ತಿದಾನೆ ಅವನು?"

"ನಮ್ಮಲ್ಲಿ ಯಾರಿಗೆ ಏನಾಗಿದೆ ಅಂತ ಕೇಳ್ತಿದಾರೆ ಅತ್ತೆ."

"ಒಬ್ಬೊಬ್ಬರದು ಯಾಕೆ, ಎಲ್ಲರಿಗೂ ತಲೆ ಕೆಟ್ಟಿದೆ ಅಂತ ಹೇಳು. ಪಾಪ, ಅಷ್ಟು ದೂರದಿಂದ ಬಂದಿದಾನೆ."

ಕಾರ್ಪೆಟ್ ಮೇಲೆ ಪಿಜ್ಜಾ

ಅಂತೂ ಇಂತೂ ಸ್ವಿಟ್ಜರ್ಲೆಂಡ್ ಮುಟ್ಟಿದೆವು. ಬಸ್ಸಿಳಿದರೆ ಮಳೆ. ಬ್ರೋಷರಿನಲ್ಲಿ ಬೆಳ್ಳಗೆ ಹೊಳೆಯುತ್ತಿದ್ದ ಇಳಿಜಾರು ಕೆಸರುಗದ್ದೆಯಾಗಿತ್ತು. "ಈ ಸಲ ಸ್ವಲ್ಪ ಬೆಚ್ಚಗಿದೆ" ಅಂದಳು ರಿಸೆಪ್ಷನ್ ಹೆಂಗಸು. ಮೇಲೆ ಶಿಖರದಲ್ಲಿ ಹಿಮ ಇತ್ತು, ಆದರೆ ಅದು ಬಲ್ಲವರಿಗೆ ಮಾತ್ರ. ನಮ್ಮಂಥ ಹೊಸಬರ ಜಾಗ ಬಂದ್.

ಕ್ರಿಸ್‌ಮಸ್ ದಿನವೂ ಮಳೆ. ನಮ್ಮನೆಯವರು ಕಿಟಕಿಗೆ ಹಣೆ ಒತ್ತಿಕೊಂಡು ನಿಂತಿದ್ದರು. ನೋಡಿ ನನಗೇ ಪಾಪ ಅನ್ನಿಸಿತು. ಹೋಟೆಲಿನವರಿಗೂ ಏನನ್ನಿಸಿತೋ, ಮಧ್ಯಾಹ್ನ ಸ್ಕೀ ಮೇಷ್ಟ್ರನ್ನು ಕರೆಸಿ, ಊಟದ ಕೋಣೆಯ ಕಾರ್ಪೆಟ್ ಮೇಲೆಯೇ ಪಾಠ ಹೇಳಿಸಿದರು. ದೊಡ್ಡ ಮೀಸೆಯ ಮೇಷ್ಟ್ರು. ಜಾರುವಾಗ ನಿಲ್ಲಬೇಕಾದರೆ ಬೂಟಿಗೆ ಸಿಕ್ಕಿಸಿದ ಎರಡು ಸ್ಕೀ ಪಟ್ಟಿಗಳ ತುದಿ ಮುಂದೆ ಸೇರಿಸಿ ಹಿಂದೆ ಅಗಲಿಸಬೇಕು, ಪಿಜ್ಜಾ ತುಂಡಿನ ಆಕಾರ ಬರಬೇಕು. ಅದನ್ನೇ ಚುಟುಕಾಗಿ ಅವರು "ಪಿಜ್ಜಾ!" ಅಂತ ಕೂಗುತ್ತಾರೆ. ಧಾರವಾಡದವರು ಕಾಫಿ ಮುಗಿಸಿ ತಡವಾಗಿ ಬಂದಿದ್ದರಿಂದ ಈ ವಿವರಣೆ ಕೇಳಿರಲಿಲ್ಲ. ಮೂರು ದಿನದಿಂದ ಬ್ರೆಡ್ಡು ಆಲೂಗಡ್ಡೆಯಲ್ಲಿದ್ದ ಮನುಷ್ಯ.

ಮೇಷ್ಟ್ರು ಅವರ ಕಡೆ ಬೆರಳು ತೋರಿಸಿ, "ಪಿಜ್ಜಾ! ಪಿಜ್ಜಾ!" ಅಂದರು.

ಧಾರವಾಡದವರ ಮುಖ ಅರಳಿತು. "ವೆಜ್ ಅದ ಏನ್ರಿ?"

ಅಷ್ಟರಲ್ಲಿ ನನಗೆ ಫೋನ್ ಬಂದಿದೆ ಅಂದರು. ಮಿಸೌರಿ ಸಿಟಿಯ ನಮ್ಮ ಪಕ್ಕದ ಮನೆ ಗುಜರಾತಿ ಆಂಟಿ. ಮನೆ ಬೀಗದ ಕೈ ಅವರಲ್ಲಿತ್ತು, ಗಿಡಕ್ಕೆ ನೀರು ಹಾಕಲು ಒಪ್ಪಿದ್ದರು. ಕಳ್ಳತನವೇ ಆಗಿರಬೇಕು ಅಂತ ಓಡಿದೆ.

"ಬೇಟಾ, ಗಿಡಕ್ಕೆ ನೀರು ಹಾಕಬೇಕೋ ಬೇಡವೋ ಅಂತ ಕೇಳೋಣ ಅಂತ. ಗಿಡವೇ ಕಾಣಿಸ್ತಿಲ್ಲ."

"ಯಾಕೆ ಆಂಟಿ?"

"ಸ್ನೋ ಬಿದ್ದಿದೆಯಲ್ಲ! ಬೆಳಿಗ್ಗೆ ಎದ್ದು ನೋಡಿದರೆ ಬೀದಿಯೆಲ್ಲ ಬೆಳ್ಳಗೆ. ಬೀದಿ ಮಕ್ಕಳೆಲ್ಲ ನಿಮ್ಮ ಮನೆ ಮುಂದಿನ ಡ್ರೈವ್‌ವೇಯಲ್ಲೇ ಇದಾರೆ. ರಟ್ಟಿನ ಡಬ್ಬ ಹಾಕಿಕೊಂಡು ಜಾರ್ತಿದಾರೆ. ಬೈಯಲಾ?"

"ಬೇಡ ಆಂಟಿ, ಜಾರಲಿ ಬಿಡಿ" ಅಂತ ಫೋನ್ ಇಟ್ಟೆ. ಒಳಗೆ ಹೋಗಿ ಹೇಳಿದೆ.  ನಮ್ಮನೆಯವರು ಕಾರ್ಪೆಟ್ ಮೇಲೆ ಪಿಜ್ಜಾ ಆಕಾರದಲ್ಲಿ ನಿಂತವರು ಹಾಗೇ ನಿಂತಿದ್ದರು. ಹ್ಯೂಸ್ಟನ್ನಿನಲ್ಲಿ ಇಷ್ಟು ವರ್ಷ ಇದ್ದೇವೆ, ಒಂದು ಹಿಡಿ ಹಿಮ ಕಂಡಿರಲಿಲ್ಲ.

ಹಾಗೇ ನಿಂತುಕೊಂಡೇ ಕೇಳಿದರು, "ಎಷ್ಟು ಇಂಚಂತೆ?"

ಧಾರವಾಡದವರು ಗಂಟಲು ಸರಿಮಾಡಿಕೊಂಡರು. "ಅಲ್ರಿ, ಈಗ ಟಿಕೆಟ್ ಚೇಂಜ್ ಮಾಡ್ಸಿದ್ರ ನಾಳೆ ಹ್ಯೂಸ್ಟನ್ ಮುಟ್ಟತೀವೇನ್ರಿ?"

ನಗಬೇಕು ಅನ್ನುವಷ್ಟರಲ್ಲಿ ನೋಡುತ್ತೇನೆ, ನಮ್ಮನೆಯವರು ನಿಜವಾಗಿಯೂ ಯೋಚನೆ ಮಾಡುತ್ತಿದ್ದಾರೆ. ಇನ್ನು ಏರ್‌ಲೈನ್ಸಿಗೆ ಫೋನ್ ಮಾಡುವುದೂ ನಾನೇ. 

ಅತ್ತೆ ಶಾಲು ಕೊಡವಿ ಹೊದ್ದುಕೊಂಡು ಎದ್ದರು. "ನನ್ನ ಟಿಕೆಟ್ ಮುಟ್ಟಬೇಡಪ್ಪ, ನಾನು ಮೈಸೂರಿಗೆ ಹೋಗ್ತೀನಿ. ನೀವು ಆರಾಮಾಗಿ ಮನೆಗೆ ಹೋಗಿ ಸ್ಕೀ ಮಾಡ್ಕೊಂಡು ಬನ್ನಿ."