ಸೊನ್ನೆ ಬರುವ ತನಕ ಟೆಸ್ಟ್ ಇಲ್ಲ!

"ಸೋತರೆ ಈ ಬೋರ್ಡಿನಿಂದ 'ಮಾಸ್ಟರ್' ಅನ್ನೋ ಪದಾನ ನನ್ನ ಕೈಯಾರೆ ಒರೆಸಿ ಹಾಕ್ತೀನಿ!"

ಡ್ರೈವಿಂಗ್ ಸ್ಕೂಲಿನ ಮೆಟ್ಟಿಲ ಮೇಲೆ ನಿಂತು ಮಾಸ್ಟರು ಇಂಥದ್ದೊಂದು ಭೀಷ್ಮ ಪ್ರತಿಜ್ಞೆ ಮಾಡಿಬಿಟ್ಟರು. ಎದುರಿಗಿದ್ದವರು ಹಳೆಯ ಶಿಷ್ಯೆ, ಔಷಧಿ ಅಂಗಡಿಯಾಕೆ. ಪಾಪ, ಆಕೆ ಹೇಳಿದ್ದು ಇಷ್ಟೇ: "ಮಾಸ್ಟ್ರೇ, ಈ ಭಾನುವಾರ ಬೆಟ್ಟದ ರ‍್ಯಾಲಿಗೆ ಹೆಸರು ಕೊಟ್ಟಿದ್ದೀನಿ, ನೀವೂ ಬನ್ನಿ." ಬಂದು ನೋಡಿ ಅಂತ ಕರೆದದ್ದು. ಮಾಸ್ಟರಿಗೆ ಅದು ಬಂದು ಸೋಲಿ ಅಂತ ಕೇಳಿಸಿತು. ನಾನು ಕಲಿಸಿದವಳು ಬೆಟ್ಟದಲ್ಲಿ ಧೂಳೆಬ್ಬಿಸೋದು, ನಾನು ಕೆಳಗೆ ನಿಂತು ಅದನ್ನ ಕುಡಿಯೋದೇ? ಉಂಟೇ!

ಅದೂ ಎಂಥ ಶಿಷ್ಯೆ! ಐದು ತಿಂಗಳು ಸುತ್ತಿಸಿದ ಶಿಷ್ಯೆ. ಮಾಸ್ಟರ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕ್ ಇತ್ತು. ಕಲಿಯುವವರು ಮರಕ್ಕೋ ಗೋಡೆಗೋ ಗುರಿಯಿಟ್ಟಾಗ ಮಾಸ್ಟರು ಅದನ್ನು ಒತ್ತುತ್ತಿದ್ದರು. ಆ ಬ್ರೇಕಿಗೆ ಅವರೇ ತಲೆ ಓಡಿಸಿ ಒಂದು ಎಣಿಕೆ ಯಂತ್ರ ಕಟ್ಟಿದ್ದರು. ಒತ್ತಿದಾಗೆಲ್ಲ 'ಟಕ್' ಅಂತ ಒಂದು ಅಂಕಿ ಏರುತ್ತಿತ್ತು. ಪಾಠ ಮುಗಿದ ಮೇಲೆ ಅದನ್ನು ಓದಿ, "ಇವತ್ತು ನಿನ್ನ ಜೀವ ಹದಿನೇಳು ಸಲ ಉಳಿಸಿದ್ದೀನಮ್ಮ!" ಅಂತ ಬೀದಿಗೆಲ್ಲ ಕೇಳುವಂತೆ ಸಾರುತ್ತಿದ್ದರು. 'ಎಣಿಕೆ ಸೊನ್ನೆಗೆ ಬರುವ ತನಕ ಟೆಸ್ಟ್ ಇಲ್ಲ' ಎಂದು ಸ್ಕೂಲಿನ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿಯೂ ಇದ್ದರು. ಔಷಧಿ ಅಂಗಡಿಯಾಕೆಗೆ ಆ ಸೊನ್ನೆ ದರ್ಶನ ಕೊಡಲು ಐದು ತಿಂಗಳು ಹಿಡಿದಿತ್ತು.

ರ‍್ಯಾಲಿ ಅಂದರೆ ಒಬ್ಬರ ಆಟವಲ್ಲ. ಜಲ್ಲಿ ಹರಡಿದ ಬೆಟ್ಟದ ದಾರಿಯಲ್ಲಿ ಒಂದೊಂದೇ ಕಾರು ಬಿಡುತ್ತಾರೆ, ಕಡಿಮೆ ಹೊತ್ತಿನಲ್ಲಿ ಮುಗಿಸಿದವರು ಗೆದ್ದಂತೆ. ಹಿಂದಿನ ದಿನ ನಿಧಾನವಾಗಿ ಹೋಗಿ ತಿರುವುಗಳನ್ನು ಬರೆದುಕೊಳ್ಳಬಹುದು. ಒಂದು ಅಂದರೆ ಪ್ರಾಣ ತೆಗೆಯುವ ತಿರುವು, ಆರು ಅಂದರೆ ಹೆಚ್ಚುಕಮ್ಮಿ ನೇರ ದಾರಿ. ಓಟದ ದಿನ ಪಕ್ಕದಲ್ಲಿ ಕೂತವರು ಅದನ್ನು ಓದಿ ಹೇಳಬೇಕು.

"ಲೇ, ನೀನೇ ಕೂರಬೇಕು," ಅಂದರು ಮಾಸ್ಟರು ಹೆಂಡತಿಗೆ.

ಎರಡನೇ ಕ್ಲಾಸಿನ ಟೀಚರಮ್ಮ ಮಕ್ಕಳ ಕಾಪಿ ತಿದ್ದುತ್ತಿದ್ದವರು ತಲೆಯೆತ್ತಿದರು. "ರೀ, ಇಪ್ಪತ್ತೆರಡು ವರ್ಷದಿಂದ ನೀವೇ ಪಕ್ಕದ ಸೀಟಲ್ಲಿ ಕೂತಿದ್ದೀರಿ. ಸ್ಟೇರಿಂಗ್ ಹಿಡಿದು ಎಷ್ಟು ಕಾಲ ಆಯ್ತು?"

"ಸಿಂಹ ಗವಿಯಲ್ಲಿ ಮಲಗಿದ್ರೆ ಗರ್ಜನೆ ಮರೆತುಬಿಡುತ್ತೇನೇ?"

"ಗೊರಕೆಯಂತೂ ಮರೆತಿಲ್ಲ."

ಅಂದರೂ ಒಪ್ಪಿದರು. ಪಕ್ಕದ ಬ್ರೇಕ್ ಬಿಚ್ಚಿಡಲಾ ಅಂತ ಮೆಕ್ಯಾನಿಕ್ ಕೇಳಿದ. "ಸೋಮವಾರ ಬೆಳಿಗ್ಗೆ ಏಳಕ್ಕೇ ಪಾಠ ಇದೆ ಮಾರಾಯ, ಮತ್ತೆ ಯಾರು ಕೂರಿಸ್ತಾರೆ?" ಅಂದ ಮಾಸ್ಟರು ಹೆಂಡತಿಯ ಕಡೆ ತಿರುಗಿ, "ಅದನ್ನ ಮಾತ್ರ ಮುಟ್ಟಬೇಡ," ಅಂತ ಬೆರಳು ತೋರಿಸಿದರು.

"ನನಗ್ಯಾಕ್ರೀ ಅದು?" ಅಂದರು ಟೀಚರಮ್ಮ.

ಶನಿವಾರ ತಿರುವು ಬರೆಯುವ ಕೆಲಸ. ಟೀಚರಮ್ಮ ನೋಟ್‌ಬುಕ್ಕಿಗೆ ಸ್ಕೇಲಿಟ್ಟು ಮಾರ್ಜಿನ್ ಎಳೆದರು.

"ಎಡ ಮೂರು. ಆಮೇಲೆ ಏನೋ ಒಂಥರಾ ತಿರುವು," ಅಂದರು ಮಾಸ್ಟರು.

"ಒಂಥರಾ ಅಂದ್ರೆ ಎಷ್ಟು? ಅಂಕಿಯಲ್ಲಿ ಹೇಳಿ."

ಹೀಗೆ ನಲವತ್ತು ತಿರುವುಗಳೂ ಕೆಂಪು ಅಡಿಗೆರೆಯೊಂದಿಗೆ ಪುಸ್ತಕಕ್ಕೆ ಇಳಿದವು.

ಭಾನುವಾರ ಬಂತು. ಇಪ್ಪತ್ತು ಬ್ಯಾಚಿನ ಹಳೆಯ ಶಿಷ್ಯರು ಹಗ್ಗದಾಚೆ ಸಾಲಾಗಿ ನಿಂತಿದ್ದರು. ಮಾಸ್ಟರು ಹೆಲ್ಮೆಟ್ ಏರಿಸಿ, ಎದೆ ಸೆಟೆಸಿ, ರಾಜಗಾಂಭೀರ್ಯದಿಂದ ನಡೆದು ಬಂದು, ಬಾಗಿಲು ತೆರೆದು ಕೂತರು. ಕೈ ಮುಂದೆ ಚಾಚಿದರು. ಅಲ್ಲಿ ಏನೂ ಇರಲಿಲ್ಲ.

"ರೀ, ಸ್ಟೇರಿಂಗ್ ಈ ಕಡೆ ಇದೆ."

"ಗೊತ್ತು! ಸೀಟು ಗಟ್ಟಿ ಇದೆಯಾ ಅಂತ ನೋಡ್ತಿದ್ದೆ!"

ಇಳಿಯುವ ಮುಂಚೆ ಕೈ ತಾನಾಗಿಯೇ ಎಣಿಕೆ ಯಂತ್ರವನ್ನು ಸೊನ್ನೆಗೆ ತಿರುಗಿಸಿತು. ಪ್ರತಿ ಪಾಠಕ್ಕೂ ಮುನ್ನ ಹಾಗೆ ಮಾಡಿ ರೂಢಿ, ಏನು ಮಾಡ್ತೀರಿ!

ಬಾವುಟ ಬಿತ್ತು. ಬೇರೆಯವರೆಲ್ಲ ಬಾಣದಂತೆ ಹೋಗಿದ್ದರು. ಮಾಸ್ಟರು ಕನ್ನಡಿ ನೋಡಿದರು, ಇಂಡಿಕೇಟರ್ ಹಾಕಿದರು, ಹಿಂದೆ ಯಾರೂ ಬರುತ್ತಿಲ್ಲವೆಂದು ಖಚಿತಪಡಿಸಿಕೊಂಡು ಹೊರಟರು. ಐದು ಸೆಕೆಂಡು ಅಲ್ಲೇ ಗೋವಿಂದ.

"ಬಲ ನಾಲ್ಕು," ಟೀಚರಮ್ಮ ಸ್ಪಷ್ಟವಾಗಿ ಓದಿದರು. "ಇನ್ನೊಂದ್ಸಲ ಓದ್ತೀನಿ. ಬಲ ನಾಲ್ಕು."

ಅಷ್ಟರಲ್ಲಿ ಬಲ ನಾಲ್ಕು ಹಿಂದೆ ಬಿದ್ದು ಎಡ ಎರಡು ಮುಂದೆ ಬಂದು ನಿಂತಿತ್ತು!

"ಒಂದೇ ಸಲ ಓದೇ!"

"ಎರಡು ಸಲ ಓದದಿದ್ರೆ ಹಿಂದಿನ ಬೆಂಚಿನವರಿಗೆ ಕೇಳಲ್ಲ ರೀ!"

"ಹಿಂದಿನ ಬೆಂಚಲ್ಲಿ ಯಾರೂ ಇಲ್ಲ ಕಣೇ!"

ಈ ಜಗಳದಲ್ಲಿ ಬ್ರೇಕ್ ಒತ್ತುವುದು ಮಾಸ್ಟರಿಗೆ ಮರೆತೇ ಹೋಗಿತ್ತು. ಬಲಕ್ಕೆ ಕಣಿವೆ ಬಾಯಿ ತೆರೆದಿತ್ತು. ಆದರೆ ಏನಾಶ್ಚರ್ಯ! ಕಾರು ತಾನಾಗಿಯೇ ಮೆತ್ತಗಾಯಿತು, ಹಿಂಭಾಗ ಜಾರಿತು, ಚಕ್ರ ಜಲ್ಲಿ ಕಚ್ಚಿ ಹಿಡಿಯಿತು, ತಿರುವು ದಾಟಿತು. ಕೆಳಗೆಲ್ಲೋ 'ಟಕ್' ಎಂದು ಸದ್ದಾಯಿತು. ಕಲ್ಲು ಬಡಿದಿರಬೇಕು ಅಂದುಕೊಂಡರು.

"ನೋಡಿದ್ಯಾ? ಹೇಗೆ ತಿರುಗಿಸಿದೆ!"

"ನೋಡಿದೆ," ಅಂದ ಟೀಚರಮ್ಮ ಪುಟ ತಿರುವಿದರು.

ಅಲ್ಲಿಂದ ಮುಂದೆ ಮಾಸ್ಟರನ್ನು ಹಿಡಿಯುವವರೇ ಇಲ್ಲ! ಎಡ ಒಂದು, ಟಕ್! ಬಲ ಎರಡು, ಟಕ್! "ಕಾಲು ಎತ್ತೋ ಮುಂಚೆನೇ ನನ್ನ ಮನಸ್ಸು ತಿಳ್ಕೊಳ್ಳುತ್ತೆ ಕಣೇ ಈ ಕಾರು! ಇಪ್ಪತ್ತೆರಡು ವರ್ಷದ ಸಂಸಾರ ಅಂದ್ರೆ ಸುಮ್ನೇನಾ!" ಅಂತ ಕೂಗುತ್ತಲೇ ಬೆಟ್ಟ ಹತ್ತಿ ಇಳಿದರು. ಕಡೆಗೆ ಟೀಚರಮ್ಮನೂ ಒಂದೇ ಸಲ ಓದುವುದನ್ನು ಕಲಿತುಬಿಟ್ಟರು.

ಫಲಿತಾಂಶ ಬಂತು. ಹವ್ಯಾಸಿಗಳ ವಿಭಾಗದಲ್ಲಿ ಮಾಸ್ಟರಿಗೆ ಮೂರನೇ ಸ್ಥಾನ, ಜೊತೆಗೊಂದು ಕಪ್! ನಾಲ್ಕನೆಯವರು ಔಷಧಿ ಅಂಗಡಿಯಾಕೆ. ಅಂತರ ಮೂರೇ ಮೂರು ಸೆಕೆಂಡು! ಬೋರ್ಡು ಉಳಿಯಿತು, ಮಾನ ಉಳಿಯಿತು. ಮಾಸ್ಟರು ಬಾನೆಟ್ಟಿಗೆ ಒರಗಿ, ಶಿಷ್ಯಕೋಟಿಯನ್ನು ಸುತ್ತ ಸೇರಿಸಿ ಉಪನ್ಯಾಸಕ್ಕೇ ಇಳಿದರು.

"ಬ್ರೇಕ್ ಅನ್ನೋದು ಕಾಲಲ್ಲಿ ಇರಲ್ರಪ್ಪ, ಇಲ್ಲಿರುತ್ತೆ," ಹೆಲ್ಮೆಟ್ ತಟ್ಟಿದರು. "ನಲವತ್ತು ತಿರುವು! ಎಲ್ಲಿ ಎಷ್ಟು ಒತ್ತಬೇಕೋ ಅಷ್ಟೇ! ಕೂದಲೆಳೆಯಷ್ಟು ಹೆಚ್ಚಿಲ್ಲ, ಕಮ್ಮಿ ಇಲ್ಲ!"

"ನಿಜ ಮಾಸ್ಟ್ರೇ," ಔಷಧಿ ಅಂಗಡಿಯಾಕೆ ಮನಸಾರೆ ಅಂದರು. "ನಿಮ್ಮ ಬ್ರೇಕಿನ ಮುಂದೆ ನಮ್ಮದೇನೂ ಅಲ್ಲ." ಹಾಗೆ ಅನ್ನುತ್ತ ಹಳೆಯ ಪ್ರೀತಿಯಿಂದ ಕಾರಿನ ಕಿಟಕಿಗೆ ಬಗ್ಗಿದರು. ಐದು ತಿಂಗಳು ದಿನಾ ನೋಡಿ ಹೆದರಿದ ಕಣ್ಣು, ನೇರ ಎಣಿಕೆ ಯಂತ್ರದ ಮೇಲೇ ಬಿತ್ತು.

ಬಗ್ಗಿದವರು ಏಳಲೇ ಇಲ್ಲ. ಹೆಗಲು ಕುಲುಕತೊಡಗಿತು. ಅಳುತ್ತಿದ್ದಾರೆ, ಸೋಲು ನುಂಗುವುದು ಸುಲಭವಲ್ಲ ಅಂದುಕೊಂಡು ಮಾಸ್ಟರು ಸಮಾಧಾನಕ್ಕೆ ಹೋದರು.

"ಮಾಸ್ಟ್ರೇ..." ಆಕೆ ನಗು ತಡೆಯಲಾರದೆ ಕಣ್ಣೊರೆಸಿಕೊಂಡರು. "ಇವತ್ತಿನ ಎಣಿಕೆ ಓದಲ್ವಾ?"

ಮಾಸ್ಟರು ಬಗ್ಗಿ ನೋಡಿದರು. ಮುಖ ಹುಳ್ಳಗಾಯಿತು. ಆಗ ಟೀಚರಮ್ಮನೇ ಮುಂದೆ ಬಂದು ಗಂಟಲು ಸರಿಮಾಡಿಕೊಂಡರು.

"ನಲವತ್ತೊಂದು," ಎಲ್ಲರಿಗೂ ಕೇಳುವಂತೆ ಓದಿದರು. "ಇನ್ನೊಂದ್ಸಲ ಓದ್ತೀನಿ. ನಲವತ್ತೊಂದು."

ಬೆಟ್ಟವೇ ಬಿದ್ದು ನಕ್ಕಿತು!

"ತಿರುವು ಇದ್ದದ್ದೇ ನಲವತ್ತಲ್ವೇನೇ?" ಮಾಸ್ಟರ ದನಿ ಈಗ ಪಾತಾಳದಲ್ಲಿತ್ತು.

"ಗುರಿ ದಾಟಿದ ಮೇಲೆ ನೀವು ಕೈಯೆತ್ತಿ ಜೈಕಾರ ಹಾಕ್ತಾ ತೀರ್ಪುಗಾರರ ಮೇಜಿನ ಕಡೆಗೇ ಹೋಗ್ತಿದ್ರಲ್ಲ, ಅದಕ್ಕೊಂದು."

"ಸೊನ್ನೆ ಬರೋ ತನಕ ಟೆಸ್ಟ್ ಇಲ್ಲ ಮಾಸ್ಟ್ರೇ," ಔಷಧಿ ಅಂಗಡಿಯಾಕೆ ಬಿಡಲಿಲ್ಲ. "ನಿಮಗಿನ್ನೂ ಐದು ತಿಂಗಳಾದ್ರೂ ಬೇಕು."

ಮಾಸ್ಟರಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಆದರೆ, ನಿಜ ಹೇಳಬೇಕೆಂದರೆ, ಆ ನಾಚಿಕೆಯ ಒಳಗಿನಿಂದಲೇ ಹೆಮ್ಮೆಯೂ ಉಕ್ಕುತ್ತಿತ್ತು. ಅಬ್ಬಾ, ನನ್ನ ಹೆಂಡತಿ! ಜಲ್ಲಿ ದಾರಿಯಲ್ಲಿ, ಕಣಿವೆಯ ಅಂಚಿನಲ್ಲಿ, ಪುಸ್ತಕ ಓದುತ್ತಲೇ ನಲವತ್ತು ತಿರುವು! ಒಂದಾದರೂ ತಪ್ಪಿತೇ? ಇಪ್ಪತ್ತೆರಡು ವರ್ಷದಲ್ಲಿ ಅಂಥ ಶಿಷ್ಯರು ಒಬ್ಬರೂ ಸಿಕ್ಕಿರಲಿಲ್ಲ. ಅವರು ಕಪ್ ತೆಗೆದು ಹೆಂಡತಿಯ ಕೈಗಿಟ್ಟರು. ಕಾರು ಒರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡರು.

"ಎಲ್ಲಿಗೆ ಹೊರಟ್ರಿ?"

"ಬೋರ್ಡ್ ಒರೆಸೋಕೆ. ಕೊಟ್ಟ ಮಾತು ಮಾತೇ."

ಟೀಚರಮ್ಮ ಕಪ್ಪನ್ನು ಕಂಕುಳಲ್ಲಿ ಇಟ್ಟುಕೊಂಡು, ಬಟ್ಟೆ ಕಿತ್ತುಕೊಂಡು, ಗಂಡನಿಗೆ ಸ್ಟೇರಿಂಗಿನ ಕಡೆಯ ಬಾಗಿಲು ತೆರೆದರು.

"ಬೋರ್ಡ್ ಹಾಗೇ ಇರ್ಲಿ, ಹತ್ತಿ ಸುಮ್ನೆ. ನಿಮ್ಮ ಸ್ಕೂಲಲ್ಲಿ ಮಾಸ್ಟರ್ ಅಂದ್ರೆ ಮೊದಲಿಂದ್ಲೂ ಪಕ್ಕದ ಸೀಟಲ್ಲಿ ಕೂರೋರು ತಾನೇ?"