ಒಂದೇ ದಿನ ನಾಲ್ಕು ಸಲ ಗೈರುಹಾಜರಿ

ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷ. ಚನ್ನರಾಯಪಟ್ಟಣದ ಒಂದು ಖಾಸಗಿ ಪಿಯು ಕಾಲೇಜಿನ ವೆಬ್‌ಸೈಟ್ ಒಂಬತ್ತು ದಿನಗಳಿಂದ ತನ್ನ ಯಾವ ಕೆಲಸವನ್ನೂ ಮಾಡಿರಲಿಲ್ಲ.

ತರಗತಿಗೆ ಬಾರದ ಮಕ್ಕಳ ಮನೆಗೆ ಸಂದೇಶ ಕಳಿಸುವುದು, ಹೇಳಿದ ಹೊತ್ತಿಗೆ ಪ್ರಕಟಣೆ ಹಾಕುವುದು, ಎರಡೂ ತಾವಾಗಿ ನಡೆಯಬೇಕಿತ್ತು. ಸರ್ವರ್ ಬದಲಾದಂದೇ ಅವನ್ನು ನಡೆಸುವ ವೇಳಾಪಟ್ಟಿ ನಿಂತಿತ್ತು. ವೆಬ್‌ಸೈಟ್ ನೋಡಿಕೊಳ್ಳುವ ಧರ್ಮೇಂದ್ರನಿಗೆ ಅದು ತಿಳಿದದ್ದು ಸೂಪರಿಂಟೆಂಡೆಂಟ್ ಕಾಂತರಾಜು ಫೋನ್ ಮಾಡಿ ಕರೆಸಿದಾಗಲೇ. ಆರು ವರ್ಷದಿಂದ ಅವನದು ತಾತ್ಕಾಲಿಕ ನೌಕರಿ. ಈ ವಾರ ಖಾಯಂ ಮಾಡುವುದಾಗಿ ಕಾರ್ಯದರ್ಶಿ ಪದ್ಮಕುಮಾರ್ ಮಾತು ಕೊಟ್ಟಿದ್ದರು. ಎಡವಲು ಇದಕ್ಕಿಂತ ಕೆಟ್ಟ ವಾರ ಇರಲಿಲ್ಲ.

"ನಿಂತಿರಾದ್ನೆಲ್ಲ ಈಗ್ಲೇ ಓಡ್ಸು ಕಣ್ಲಾ, ಒಂದೂ ಬಿಡಬ್ಯಾಡ," ಎಂದು ಕಾಂತರಾಜು ಕುರ್ಚಿಯ ಹಿಂದೆಯೇ ನಿಂತರು.

"ಒಂದೊಂದೇ ನೋಡಿ ಓಡ್ಸ್ತೀನಿ ಸಾ."

"ನೋಡಾಕೇನದೆ? ಅದ್ಯಾವ್ದೋ ಎಐ ತಂದಿವ್ನಿ ಅಂತಿದ್ದಲ್ಲ, ಅದುಕ್ಕೇಳು."

ಧರ್ಮೇಂದ್ರ ಎಐ ಏಜೆಂಟಿಗೆ ಬರೆದ: ಬಾಕಿ ಇರುವ ಎಲ್ಲ ಕೆಲಸವನ್ನೂ ನಡೆಸು. ಅದು ಹೊಸ ಗುಮಾಸ್ತನಷ್ಟು ವಿನಯದಿಂದ ಮರುಪ್ರಶ್ನೆ ಹಾಕಿತು: ಇವುಗಳಲ್ಲಿ ಹಳೆಯ ದಿನಾಂಕದವೂ ಇವೆ, ಆದರೂ ನಡೆಸಬಹುದೇ? ಹಿಂದಿನಿಂದ ಕಾಂತರಾಜು, "ಊಂ ಅನ್ಲಾ," ಎಂದರು. ಧರ್ಮೇಂದ್ರ ಪೂರ್ತಿ ಓದದೆ ಹೂಂ ಎಂದ. ಇನ್ನೂರ ಹದಿಮೂರು ಸಂದೇಶ, ಒಂದು ಪ್ರಕಟಣೆ ನಲವತ್ತು ಸೆಕೆಂಡಿನಲ್ಲಿ ಹೋದವು.

ಏಳೂವರೆಗೆ ಮೊದಲ ಫೋನ್ ಬಂತು. ನುಗ್ಗೇಹಳ್ಳಿಯಿಂದ ಮಂಚಯ್ಯ.

"ಸಾ, ನನ್ ಮಗ್ಳು ಶೋಭಿತಾ ಇವತ್ತು ಕಾಲೇಜ್ಗೆ ಬಂದಿಲ್ಲ ಅಂತ ಮೆಸೇಜ್ ಬಂದದೆ. ಅವ್ಳಿನ್ನೂ ಜಡೆ ಆಕ್ಕತಾವ್ಳೆ."

"ಅದು ಹಳೇದು..."

"ಅದೂ ನಾಕ್ ಸಲ ಬಂದದೆ. ಒಂದ್ ಉಡ್ಗಿ ಒಂದೇ ದಿನ ನಾಕ್ ಸಲ ಎಂಗ್ ಸಾ ಬರ್ದೆ ಇರ್ತಾಳೆ?"

ಧರ್ಮೇಂದ್ರ ಹಾಜರಿ ತೆರೆದು ನೋಡಿದ: ಒಂಬತ್ತು ದಿನದಲ್ಲಿ ಶೋಭಿತಾ ನಾಲ್ಕು ದಿನ ಗೈರು. ಹೋದ ಸಂದೇಶಗಳೆಲ್ಲ ನಿಜವೇ. ಸುಳ್ಳಾಗಿದ್ದದ್ದು 'ಇಂದು' ಎಂಬ ಒಂದೇ ಪದ.

ಬಾಗೂರಿನ ರೇವಮ್ಮ ಫೋನ್ ಮಾಡಲಿಲ್ಲ, ಮಗನ ಕಾಲರ್ ಹಿಡಿದುಕೊಂಡೇ ಬಂದಳು. "ತಗಳಿ, ಕರ್ಕಬಂದಿವ್ನಿ. ಈಗ ಬಂದವ್ನೆ ಅಂತ ಒಂದ್ ಮೆಸೇಜ್ ಕಳ್ಸಿ," ಎಂದು ಫೋನ್ ಹಿಡಿದು ನಿಂತಳು. ಒಂಬತ್ತರ ಹೊತ್ತಿಗೆ ಆಫೀಸಿನ ಮುಂದೆ ಬಸ್‌ಸ್ಟ್ಯಾಂಡಿನಷ್ಟು ಜನ.

ಪದ್ಮಕುಮಾರ್ ಬಂದವರು ಎಲ್ಲ ಕೇಳಿಸಿಕೊಂಡರು. "ಎಲ್ಲ ಮಕ್ಕಳ ಆರುನೂರು ಮನೆಗೂ ಕ್ಷಮೆ ಕೇಳಿ ಒಂದು ಸಂದೇಶ ಕಳಿಸಪ್ಪ. ವಿವರ ವೆಬ್‌ಸೈಟಿನಲ್ಲಿದೆ, ತಪ್ಪದೆ ನೋಡಿ ಅಂತ ಬರಿ," ಎಂದರು.

ಧರ್ಮೇಂದ್ರ ವೆಬ್‌ಸೈಟಿಗೆ ಕ್ಷಮಾಪಣೆ ಹಾಕಿ, ಸಂದೇಶವನ್ನು ಈ ಸಲ ಎರಡು ಬಾರಿ ಓದಿ ಕಳಿಸಿದ. ಜನ ಕರಗಿದರು. ಖಾಯಂ ಪತ್ರ ಇನ್ನೂ ಕೈತಪ್ಪಿಲ್ಲ ಎಂದುಕೊಂಡು ಅವನು ಟೀ ತರಿಸಿದ.

ಟೀ ಮುಗಿಯುವ ಮೊದಲೇ ಕಾಂತರಾಜು ಒಳಗೆ ಬಂದು ಬೆಂಚಿನ ಮೇಲೆ ಕುಸಿದರು. "ವೆಬ್‌ಸೈಟ್ ನೋಡು ಅಂತ ಊರ್ಗೆಲ್ಲ ಯೋಳ್ಬುಟ್ಯಲ್ಲಾ."

"ಸೆಕ್ರೆಟರಿ ಸಾರೇ ಏಳಿದ್ದು."

"ಅವ್ರು ಮರ್ತಿದ್ರು. ನೀನಾದ್ರೂ ಮೊದ್ಲ್ನೆ ಪುಟ ನೋಡ್ಬಾರ್ದಾಗಿತ್ತಾ?"

ಧರ್ಮೇಂದ್ರ ನೋಡಿದ. ಕ್ಷಮಾಪಣೆಯ ನೆತ್ತಿಯ ಮೇಲೆ ಬೆಳಗ್ಗೆ ಅವನೇ ಓಡಿಸಿದ ಪ್ರಕಟಣೆ ಕುಳಿತಿತ್ತು: ವೆಬ್‌ಸೈಟ್ ನಿರ್ವಾಹಕರು ಬೇಕಾಗಿದ್ದಾರೆ. ಖಾಯಂ ಹುದ್ದೆ. ಅರ್ಜಿ ಇಂದು ಸಂಜೆ ಐದರೊಳಗೆ.

"ಖಾಯಂ ಮಾಡ್ಬೇಕಾದ್ರೆ ಜಾಹೀರಾತು ಕೊಡ್ಲೇಬೇಕು, ಅದು ರೂಲ್ಸು," ಎಂದರು ಕಾಂತರಾಜು. "ಯಾರೂ ನೋಡ್ದಿರೋ ಜಾಗ್ದಲ್ಲಿ ಒಂದಿನ ಆಕಾಣ, ನಿನ್ನೊಬ್ಬನ್ದೇ ಅರ್ಜಿ ಬರ್ಲಿ ಅಂತ ನಾನೇ ಇವತ್ತು ಬೆಳಿಗ್ಗೆ ಆರಕ್ಕೆ ಅಂತ ಇಟ್ಟಿದ್ದೆ. ನಮ್ ವೆಬ್‌ಸೈಟ್ನ ಯಾರ್ಲಾ ನೋಡೋರು?"

"ಈಗ ತಗುದ್ಬುಡ್ಲಾ ಸಾ?"

"ಆರ್ನೂರು ಮನ್ಯೋರು ನೋಡವ್ರೆ. ತಗುದ್ರೆ ಕೋರ್ಟ್ಗೋಯ್ತಾರೆ."

ಸಂಜೆ ಐದಕ್ಕೆ ಪ್ರಕಟಣೆ ಇಳಿಯಿತು. ಬಂದ ಅರ್ಜಿಗಳು ನಲವತ್ತೆಂಟು. ಮೊದಲನೆಯದು ನುಗ್ಗೇಹಳ್ಳಿಯ ಮಂಚಯ್ಯನ ಹಿರಿಯ ಮಗಳು ಭಾನುಪ್ರಿಯಾಳದು. ಕಂಪ್ಯೂಟರ್ ಸೈನ್ಸ್ ಪದವೀಧರೆ. ಧರ್ಮೇಂದ್ರನದು ಮೂವತ್ತೊಂದನೆಯದು. ಅರ್ಜಿದಾರರ ಪಟ್ಟಿ ಸಿದ್ಧಪಡಿಸುವ ಕೆಲಸವನ್ನು ಪದ್ಮಕುಮಾರ್ ಅವನಿಗೇ ವಹಿಸಿದರು. ಸಂದರ್ಶನ ಮುಂದಿನ ಸೋಮವಾರ ನಡೆಯಿತು, ಮಂಗಳವಾರ ಭಾನುಪ್ರಿಯಾ ಕೆಲಸಕ್ಕೆ ಸೇರಿದಳು.